ಬಂಟ್ವಾಳದ ದೋಣಿ

ಕಾಫಿಯ ಸೀಮೆಗೂ ದೋಣಿಗೂ ಏನು ನಂಟು ಎಂದು ಯಾರಾದರೂ ಕೇಳಿದರೆ ಅವರನ್ನು ಅರಿಯದವರೆಂದು ನಗುವಂತಿಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಹೊಳೆಗಳು ದೋಣಿಗೆ ಬೆನ್ನು ಕೊಡುವ ಸ್ವಭಾವದವಲ್ಲ. ಕಳಸದ ಬಳಿ ಹರಿಯುವ ಭದ್ರೆ ಬೇಸಿಗೆಯಲ್ಲಿ ಬಂಡೆಗಳ ನಡುವೆ ಎಲ್ಲಿ ಹೋದಳೆಂದು ಹುಡುಕಬೇಕಾದಷ್ಟು ಸಣ್ಣವಳಾಗುತ್ತಾಳೆ. ಆಷಾಢ ಬಂತೆಂದರೆ ಕೆಂಪು ನೀರಾಗಿ ಉಕ್ಕಿ, ಸೇತುವೆಗಳ ಮೇಲೇರಿ, ಊರೂರಿನ ದಾರಿಯನ್ನು ಕಡಿಯುತ್ತಾಳೆ. ಈ ಎರಡು ಅವಸ್ಥೆಗಳ ನಡುವೆ ದೋಣಿಯವನಿಗೆ ಅವಳು ಒಪ್ಪಿಸುವ ದಿನಗಳು ಕೆಲವೇ. ಆದರೂ ಈ ಬೆಟ್ಟಗಳ ಕಾಫಿ ಹೊರಗಿನ ಲೋಕವನ್ನು ಮೊದಲು ಕಂಡದ್ದು ರೈಲಿನಲ್ಲಲ್ಲ, ಲಾರಿಯಲ್ಲೂ ಅಲ್ಲ; ಎತ್ತಿನ ಗಾಡಿಯಲ್ಲಿ ಘಟ್ಟವಿಳಿದು, ಬಂಟ್ವಾಳದಲ್ಲಿ ದೋಣಿ ಹತ್ತಿ, ನೇತ್ರಾವತಿಯ ಮೇಲೆ ತೇಲುತ್ತ ಹೋಗಿ ಕಂಡದ್ದು. ಹಾಗೆ ಹೋಗುವಾಗ ಅದು ಒಂದು ರಾಜ್ಯವನ್ನು ಬಿಟ್ಟು ಇನ್ನೊಂದನ್ನು ಹೊಗುತ್ತಿತ್ತು.

ಮೂಡಿಗೆರೆಯ ನೆಲಕ್ಕೆ ಒಂದು ವಿಶೇಷವುಂಟು. ಅಲ್ಲಿ ಬಿದ್ದ ಮಳೆ ಮೂರು ಹಾದಿ ಹಿಡಿಯುತ್ತದೆ. ಗಂಗಾಮೂಲದ ಕಡೆಯದು ಭದ್ರೆಯಾಗಿ, ಕೂಡಲಿಯಲ್ಲಿ ತುಂಗೆಯನ್ನು ಕೂಡಿ, ಕೃಷ್ಣೆಯ ಪಾಲಾಗುತ್ತದೆ. ಜಾವಳಿಯಲ್ಲಿ ಹುಟ್ಟಿದ್ದು ಹೇಮಾವತಿಯೆನಿಸಿ ಕಾವೇರಿಯನ್ನು ಸೇರುತ್ತದೆ. ಇವೆರಡಕ್ಕೂ ಕೊನೆಯ ಗತಿ ದೂರದ ಬಂಗಾಳ ಕೊಲ್ಲಿ. ಬೆಟ್ಟದ ನೆತ್ತಿಯಿಂದ ಪಡುವಣಕ್ಕೆ ಉರುಳಿದ ಹನಿ ಮಾತ್ರ ನೇತ್ರಾವತಿಯಾಗಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಜೊತೆಗೂಡಿಸಿಕೊಂಡು, ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ಹರಿಯುವಷ್ಟರಲ್ಲಿ ಮಂಗಳೂರಿನ ಅಳಿವೆಯಲ್ಲಿ ಕಡಲನ್ನು ಮುಟ್ಟುತ್ತದೆ. ವರಾಹಸ್ವಾಮಿಯ ಕಣ್ಣಿನಿಂದ ಇಳಿದವಳೆಂದು ಪುರಾಣ ಹೇಳುತ್ತದೆ. ಘಟ್ಟದ ಕೆಳಗಿನ ವ್ಯಾಪಾರಿಗಳು ಅಷ್ಟು ದೂರ ಹೋಗಲಿಲ್ಲ. ಅವರ ಕಾಲದಲ್ಲಿ ಅದಕ್ಕೆ ಬಂಟ್ವಾಳದ ಹೊಳೆಯೆಂದೂ ಹೆಸರಿತ್ತು. ಸರಕು ಇಳಿಯುವ ಊರಿನ ಹೆಸರನ್ನೇ ಹೊಳೆಗೆ ಇಟ್ಟರು. ವ್ಯಾಪಾರಿಯ ಭೂಗೋಳ ಅಂಥದು.

ನೀರು ಎಲ್ಲಿ ಇಬ್ಭಾಗವಾಯಿತೋ ಅಲ್ಲಿಯೇ ದೊರೆತನವೂ ಇಬ್ಭಾಗವಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಘಟ್ಟದ ಮೇಲಿನದು ಮೈಸೂರಾಯಿತು, ಕೆಳಗಿನ ಕನ್ನಡ ಜಿಲ್ಲೆ ಕಂಪನಿಯ ಕೈಸೇರಿತು. 1956ರ ನವೆಂಬರ್ 1ರವರೆಗೆ, ಎಂದರೆ ನೂರೈವತ್ತೇಳು ವರ್ಷ, ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿಯುವವನು ತಿಳಿದೋ ತಿಳಿಯದೆಯೋ ಒಂದು ಆಳ್ವಿಕೆಯಿಂದ ಇನ್ನೊಂದಕ್ಕೆ ಕಾಲಿಡುತ್ತಿದ್ದ. ಮೇಲೆ ಮೈಸೂರಿನ ಅಮಲ್ದಾರ. ಕೆಳಗೆ ಮದರಾಸಿನ ಗವರ್ನರರಿಗೆ ಲೆಕ್ಕ ಒಪ್ಪಿಸುವ ಕಲೆಕ್ಟರ್. ಮೇಲೆ ಕನ್ನಡದ ಮಾತು. ಕೆಳಗೆ ತುಳು, ಕೊಂಕಣಿ, ಬ್ಯಾರಿ ಭಾಷೆಗಳ ಸಂತೆ, ನಡುವೆ ಪುಸ್ತಕದಂತೆ ಉಚ್ಚರಿಸುವ ಇನ್ನೊಂದು ಕನ್ನಡ.

ಬಾಬಾ ಬುಡನ್‌ರು ಏಳು ಬೀಜಗಳನ್ನು ತಂದು ಚಂದ್ರದ್ರೋಣದ ಮೇಲೆ ಬಿತ್ತಿದರೆಂಬುದು ಎಲ್ಲರೂ ಬಲ್ಲ ಕಥೆ. ಆ ಬೀಜಗಳೂ ಅರಬರ ಕಡಲನ್ನು ಹಡಗಿನಲ್ಲಿ ದಾಟಿ ಬಂದವೇ. ಹಿತ್ತಿಲಿನ ಗಿಡವಾಗಿದ್ದ ಕಾಫಿ ತೋಟದ ಬೆಳೆಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಬಿಳಿಯ ದೊರೆಗಳು ಚಿಕ್ಕಮಗಳೂರು, ಮಂಜರಾಬಾದುಗಳ ಕಾಡಿಗೆ ಬಂದು ಕುಳಿತ ಮೇಲೆ. ಬೆಳೆದದ್ದನ್ನು ಕುಡಿಯುವವರು ಲಂಡನ್ನಿನಲ್ಲಿ, ಹಡಗು ಮಂಗಳೂರಿನಲ್ಲಿ, ಮೂಟೆ ಮೂಡಿಗೆರೆಯಲ್ಲಿ. ಈ ಮೂರನ್ನೂ ಕೂಡಿಸಬೇಕಾದದ್ದು ಎರಡು ಎತ್ತು ಮತ್ತು ಒಂದು ದೋಣಿ.

ಹೊತ್ತು ಹೆಚ್ಚಿರಲಿಲ್ಲ. ಅರೇಬಿಕ ಕೊಯ್ಲು ಮಾರ್ಗಶಿರದಲ್ಲಿ ಮೊದಲಾಗಿ ಪುಷ್ಯದ ಹೊತ್ತಿಗೆ ಮುಗಿಯಬೇಕು. ತೊಳೆದು, ಕಣದಲ್ಲಿ ಒಣಗಿಸಿ, ಪಾರ್ಚ್‌ಮೆಂಟ್ ಎಂಬ ತೆಳುಸಿಪ್ಪೆಯೊಡನೆಯೇ ಚೀಲಕ್ಕೆ ತುಂಬಬೇಕು. ಅತ್ತ ಮುಂಗಾರು ಎದ್ದರೆ ಮಂಗಳೂರಿನ ಬಂದರಿಗೆ ಬಾಗಿಲು. ಅಳಿವೆಯ ಮರಳದಂಡೆಯ ಮೇಲೆ ತೆರೆಯೊಡೆಯುವಾಗ ಯಾವ ಹಡಗೂ ಹತ್ತಿರ ಸುಳಿಯದು. ಮಾಘದಿಂದ ವೈಶಾಖದವರೆಗಿನ ಆ ಕೆಲವು ತಿಂಗಳುಗಳಲ್ಲಿ ಒಂದು ಸೀಮೆಯ ವರ್ಷದ ಬೆಳೆಯೆಲ್ಲ ಬೆಟ್ಟವಿಳಿಯಬೇಕಾಗಿತ್ತು.

ಮೂಡಿಗೆರೆಯಿಂದ ಬಂಟ್ವಾಳಕ್ಕೆ ಎಂಬತ್ತು ಕಿಲೋಮೀಟರಿಗೆ ಮೇಲುಂಟು. ಹೊರೆಹೊತ್ತ ಗಾಡಿ ಘಟ್ಟದ ತಿರುವುಗಳಲ್ಲಿ ದಿನಕ್ಕೆ ಇಪ್ಪತ್ತು ನಡೆದರೆ ಅದೇ ಪುಣ್ಯ. ಆದುದರಿಂದ ನಾಲ್ಕು ದಿನ. ಚಿಕ್ಕಮಗಳೂರಿನ ಕಡೆಯದಾದರೆ ಆರು. ಇಳಿಜಾರು ಸುಲಭವೆಂದು ಬಗೆಯುವವರು ಗಾಡಿ ಹೊಡೆದವರಲ್ಲ. ಏರುವಾಗ ಎತ್ತಿನ ಎದೆ ದುಡಿಯುತ್ತದೆ. ಇಳಿಯುವಾಗ ಎತ್ತಿನ ಕೊರಳ ಮೇಲೆ ಇಡೀ ಭಾರ ಕುಸಿಯುತ್ತದೆ. ಗಾಲಿಗೆ ಮರದ ಕಟ್ಟೆ ಕಟ್ಟಿ, ಹಿಂದಿನಿಂದ ಹಗ್ಗ ಹಿಡಿದು, ಪಕ್ಕದ ಕಮರಿಯನ್ನು ನೋಡದೆ ಇಳಿಸಬೇಕು. ಚಾರ್ಮಾಡಿಯ ಅಣ್ಣಪ್ಪಸ್ವಾಮಿಗೆ ಇಂದಿಗೂ ವಾಹನದವರು ಕಾಣಿಕೆ ಹಾಕದೆ ಮುಂದೆ ಹೋಗುವುದಿಲ್ಲ. ಅದು ಬರಿಯ ಭಕ್ತಿಯೆಂದು ಹೇಳಲು ಬಾರದು. ಆ ತಿರುವುಗಳನ್ನು ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ. ಕೆಳಗಿಳಿದು ಉಜಿರೆ, ಬೆಳ್ತಂಗಡಿಗಳನ್ನು ದಾಟುವಷ್ಟರಲ್ಲಿ ಗಾಳಿ ಬೆಚ್ಚಗಾಗಿ, ಕಂಬಳಿ ಹೆಗಲಿನಿಂದ ಗಾಡಿಯ ಮೂಲೆಗೆ ಸೇರುತ್ತದೆ.

ಬಂಟ್ವಾಳದಲ್ಲಿ ಹೊಳೆ ತಿರುಗುತ್ತದೆ. ಬಡಗಣ ದಂಡೆಯಲ್ಲಿ ಪೇಟೆ, ತೆಂಕಣ ದಂಡೆಯಲ್ಲಿ ಪಾಣೆಮಂಗಳೂರು. ಒಂದು ಕಾಲಕ್ಕೆ ಘಟ್ಟದ ಮೇಲಿನ ಕಾಫಿ, ಏಲಕ್ಕಿಗಳೂ ಕಡಲಿನ ಉಪ್ಪು, ಒಣಮೀನುಗಳೂ ಒಂದನ್ನೊಂದು ಎದುರುಗೊಳ್ಳುತ್ತಿದ್ದ ಸ್ಥಳವಿದು. ಕೊಂಕಣಿಗರ ಮಂಡಿಗಳು, ಬ್ಯಾರಿಗಳ ವ್ಯಾಪಾರ, ಗಾಡಿಯವರ ಕೂಗು, ತೂಕದವನ ರಾಗ. ಗಾಡಿಯ ಲೋಕ ಅಲ್ಲಿ ಮುಗಿದು ನೀರಿನ ಲೋಕ ತೊಡಗುತ್ತದೆ. ನಾಲ್ಕು ದಿನ ಕುಲುಕಿ ಕುಲುಕಿ ಬಂದ ಮೂಟೆ ಮೆಟ್ಟಿಲಿಳಿದು ದೋಣಿಯ ಹೊಟ್ಟೆಯಲ್ಲಿ ಒರಗಿದ ಕ್ಷಣದಿಂದ ಅದಕ್ಕೆ ಸದ್ದೇ ಇಲ್ಲ. ಜಲ್ಲೆಯ ಬಿದಿರು ಮರಳನ್ನು ಮುಟ್ಟಿದ ಸಪ್ಪಳ, ಹುಟ್ಟು ಎತ್ತಿದಾಗ ಹನಿ ಜಾರುವ ಸಪ್ಪಳ, ಅಷ್ಟೆ. ಮಂಗಳೂರಿಗೆ ಇನ್ನು ಇಪ್ಪತ್ತೈದು ಕಿಲೋಮೀಟರು. ಇಂದು ಅದು ಅರ್ಧ ಗಂಟೆಯ ಮಾತು, ಗಾಡಿಗಳ ಸಾಲು ಅಡ್ಡಬಾರದಿದ್ದರೆ. ದೋಣಿಯವನಿಗೆ ಗಡಿಯಾರದ ಲೆಕ್ಕವಿರಲಿಲ್ಲ. ಕಡಲಿನ ಭರತ ಇಳಿತಗಳ ಲೆಕ್ಕವಿತ್ತು. ಇಳಿತದ ಜೊತೆಗೆ ಹೊರಟರೆ ಹೊಳೆಯೇ ಒಯ್ಯುತ್ತದೆ. ಭರತ ಎದುರಾದರೆ ದೋಣಿಯನ್ನು ದಂಡೆಗೆ ಕಟ್ಟಿ, ಗಂಜಿ ಬೇಯಿಸಿ ಉಂಡು, ಚಂದ್ರ ಮೇಲೇರುವವರೆಗೆ ಮಲಗುವುದು. ಬೇಸಿಗೆಯ ನೀರು ತೆಳುವಾದಾಗ ಮರಳಿನ ಮೇಲೆ ದೋಣಿ ಕುಳಿತರೆ ಇಳಿದು ನೂಕುವುದು. ಅವಸರ ಮಾಡಿ ಪ್ರಯೋಜನವಿಲ್ಲದ ಕೆಲಸಗಳಲ್ಲಿ ಅದೂ ಒಂದು.

ಮಂಗಳೂರಿನಲ್ಲಿ ಮೂಟೆಗೆ ರಾಜೋಪಚಾರ. ಪಿಯರ್ಸ್ ಲೆಸ್ಲಿಯಂಥ ಕಂಪನಿಗಳ ಕಾರ್ಖಾನೆಗಳಲ್ಲಿ ಮತ್ತೆ ಬಿಸಿಲಿಗೆ ಹರವಿ, ಸಿಪ್ಪೆ ಬಿಡಿಸಿ, ಸಾಲಾಗಿ ಕುಳಿತ ಹೆಂಗಸರು ಒಂದೊಂದೇ ಬೀಜವನ್ನು ಕಣ್ಣಿಟ್ಟು ಆರಿಸಿ, ಕರಿದನ್ನೂ ಒಡೆದದ್ದನ್ನೂ ಬೇರ್ಪಡಿಸುತ್ತಿದ್ದರು. ಆ ಬಳಿಕ ಇನ್ನೊಂದು ದೋಣಿ. ಅಳಿವೆಯಾಚೆ ಲಂಗರು ಹಾಕಿದ ಹಡಗಿಗೆ. ಮರಳುವ ಗಾಡಿಗಳೂ ಬರಿದಾಗಿ ಹೋಗುತ್ತಿರಲಿಲ್ಲ. ಉಪ್ಪು, ತೆಂಗಿನಕಾಯಿ, ಒಣಮೀನುಗಳ ಜೊತೆಗೆ 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಕೆಂಪು ಹೆಂಚೂ ಘಟ್ಟವೇರಿತು. ಮಲೆನಾಡಿನ ಹುಲ್ಲುಮಾಡುಗಳು ಹೆಂಚಿನವಾದದ್ದರಲ್ಲಿ ಈ ದಾರಿಯ ಪಾಲು ದೊಡ್ಡದು.

ಇಷ್ಟು ಮೂಟೆಯ ಪ್ರಯಾಣ. ಇದೇ ದಾರಿಯಲ್ಲಿ ಎದುರು ದಿಕ್ಕಿಗೆ ನಡೆದವರೂ ಇದ್ದರು. ಅವರಿಗೆ ಗಾಡಿಯಿರಲಿಲ್ಲ.

ಕೆಳಗೆ ಕಾರ್ತಿಕದ ಕೊಯ್ಲು ಮುಗಿದು ಗದ್ದೆಯಲ್ಲಿ ಕೆಲಸ ತೆಳುವಾಗುತ್ತಲೇ ಮೇಸ್ತ್ರಿ ಊರಿಗೆ ಬರುತ್ತಿದ್ದ. ಮುಂಗಡವೆಂದು ನಾಲ್ಕು ಕಾಸು ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡು, ಗಂಡು, ಹೆಣ್ಣು, ಕಂಕುಳಿನ ಕೂಸುಗಳನ್ನು ಗುಂಪುಗೂಡಿಸಿ ಘಟ್ಟ ಹತ್ತಿಸುವುದು ಅವನ ಕಸುಬು. ಆಳು ದುಡಿದ ದಿನಕ್ಕೆ ತಲೆಯೊಂದಕ್ಕೆ ಇಷ್ಟೆಂದು ಅವನಿಗೆ ಕಮಿಷನ್. ಮೇಲೆ ಅವರಿಗಾಗಿ ಕಾದಿದ್ದುದು ಚಳಿ, ಜಿಗಣೆ, ಲೈನು ಮನೆ, ಎಲ್ಲಕ್ಕೂ ಮಿಗಿಲಾಗಿ ಮಲೆನಾಡಿನ ಜ್ವರ. ಮಳೆ ಹಿಡಿಯುವ ಮುನ್ನ ಲೆಕ್ಕ ಚುಕ್ತಾ ಮಾಡಿ ಇಳಿಯಬೇಕೆಂಬುದು ಎಲ್ಲರ ಆಸೆ. ಲೆಕ್ಕ ಎಲ್ಲರದೂ ಚುಕ್ತಾ ಆಗುತ್ತಿರಲಿಲ್ಲ.

ಆ ಚುಕ್ತಾ ಆಗದ ಲೆಕ್ಕದ ಸ್ವರೂಪವೇನೆಂದು ಕನ್ನಡದ ಓದುಗರಿಗೆ ಶಿವರಾಮ ಕಾರಂತರು 1933ರಲ್ಲೇ ತಿಳಿಸಿಕೊಟ್ಟಿದ್ದಾರೆ. ಅವರ ‘ಚೋಮನ ದುಡಿ’ಯ ಚೋಮ ಕಾಫಿತೋಟದ ಧಣಿಗೆ ಎಷ್ಟೋ ವರ್ಷಗಳ ಹಿಂದೆ ಮಾಡಿದ ಕೆಲವೇ ರೂಪಾಯಿಗಳ ಸಾಲವನ್ನು ತೀರಿಸಲಾರದೆ ಮಕ್ಕಳನ್ನು ಘಟ್ಟಕ್ಕೆ ಕಳುಹಿಸುತ್ತಾನೆ. ಒಬ್ಬ ಮಗ ಜ್ವರಕ್ಕೆ ತುತ್ತಾಗುತ್ತಾನೆ, ಇನ್ನೊಬ್ಬ ಅಲ್ಲಿಯೇ ಬೇರೊಂದು ಬಾಳಿಗೆ ಸೇರಿಹೋಗುತ್ತಾನೆ. ಕೊನೆಗೆ ಮಗಳೂ ಹೋಗಬೇಕಾಗುತ್ತದೆ. ಅದು ಕಾದಂಬರಿಯೆಂದು ಸಮಾಧಾನಪಟ್ಟುಕೊಳ್ಳುವುದು ಸುಲಭ. ಆದರೆ ಕಾನೂನಿನ ಪುಸ್ತಕ ಕಾದಂಬರಿಯಲ್ಲ. ಮುಂಗಡ ಪಡೆದು ಕೆಲಸಕ್ಕೆ ಬಾರದ ಆಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಒಪ್ಪದಿದ್ದರೆ ಮೂರು ತಿಂಗಳವರೆಗೆ ಸೆರೆಗೆ ಹಾಕಬಹುದೆಂದು 1859ರಲ್ಲಿ ಬ್ರಿಟಿಷ್ ಸರ್ಕಾರ ಕಾಯಿದೆ ಮಾಡಿತು. ಅದನ್ನು ರದ್ದುಪಡಿಸುವ ನಿರ್ಣಯವಾದದ್ದು 1925ರಲ್ಲಿ. ಸಾಲ ಕೊಟ್ಟವನ ಅಂಗಡಿ ಬಾಗಿಲು ಹಾಕಿದರೆ ಅವನಿಗೆ ಸೆರೆಯಿಲ್ಲ. ಆಳು ಜ್ವರದಿಂದ ಮನೆಯಲ್ಲಿ ಮಲಗಿದರೆ ವಾರಂಟು!

ಗಡಿಯೆಂಬುದು ಯಾರಿಗೆ ಏನಾಗಿತ್ತೆಂಬುದು ಇಲ್ಲಿಯೇ ಗೊತ್ತಾಗುವುದು. ಕಾಫಿಗೆ ಅದು ಸುಂಕದ ಮಾತು. ಮಣಕ್ಕೆ ಇಷ್ಟೆಂದು ಮೈಸೂರಿನ ಸರ್ಕಾರಕ್ಕೆ ಕಟ್ಟಿದರೆ ಮುಗಿಯಿತು. ತೋಟದ ಧಣಿಗೆ ಅದು ತಲೆನೋವು. ಒಂದು ಸರ್ಕಾರದ ಜವಾನ ಇನ್ನೊಂದು ಸರ್ಕಾರದ ನೆಲದಲ್ಲಿ ಬರಿಯ ದಾರಿಹೋಕ. ಆಳಿಗೋ, ಅದೊಂದು ಆಸೆ. ರಾತ್ರಿಯಿಡೀ ನಡೆದು ನೆತ್ತಿಯನ್ನು ದಾಟಿದರೆ ತನ್ನ ಭಾಷೆ, ತನ್ನ ಭೂತಸ್ಥಾನ, ಮತ್ತು ಹಿಡಿಯಲು ಬರುವವನಿಗೆ ಸ್ವಲ್ಪವಾದರೂ ತೊಡಕು. ಕಡಲಕರೆಯವನಾದರೆ ಮುಂದೆ ಬಂಟ್ವಾಳದ ದೋಣಿಯೂ ಸಿಕ್ಕಿರಬಹುದು. ತಾನು ಕೊಯ್ದ ಕಾಫಿಯ ಮೂಟೆಗಳ ಮೇಲೆಯೇ ಕುಳಿತು ಮನೆಗೆ ಮರಳಿರಬಹುದು. ಆ ಮೂಟೆಯ ಮೇಲೆ ತೋಟದ ಗುರುತು ಇತ್ತು, ನಂಬರು ಇತ್ತು. ಒಂದು ತಪ್ಪಿದರೆ ಬಂಟ್ವಾಳದ ಮಂಡಿಯಿಂದ ಲಂಡನ್ನಿನವರೆಗೆ ಕಾಗದ ಓಡಾಡುತ್ತಿತ್ತು. ಅದರ ಮೇಲೆ ಕುಳಿತವನು ತಪ್ಪಿದರೆ ಬರೆಯುವವರಾರು? ಘಟ್ಟಕ್ಕೆ ಹೋದವರು ಎಂದಷ್ಟೇ ಹೇಳಿ ಅವರ ಹೆಸರನ್ನು ಬಿಟ್ಟುಬಿಟ್ಟ ಮನೆಗಳು ಕೆಳಗಿನ ಸೀಮೆಯಲ್ಲಿ ಕಡಮೆಯಲ್ಲ.

ದೋಣಿ ಒಂದೇ ದಿನ ನಿಂತುಹೋಗಲಿಲ್ಲ. 1907ರಲ್ಲಿ ಮಂಗಳೂರಿಗೆ ರೈಲು ಬಂತು, ಆದರೆ ಅದು ತೆಂಕಣದಿಂದ ಕಡಲಕರೆಯುದ್ದಕ್ಕೆ ಬಂದದ್ದು. ಘಟ್ಟದ ಕಡೆಗೆ ತಿರುಗಿ ನೋಡಲಿಲ್ಲ. 1914ರಲ್ಲಿ ಪಾಣೆಮಂಗಳೂರಿನ ಉಕ್ಕಿನ ಸೇತುವೆ ಎದ್ದಿತು. ಮೋಟಾರು ಬಂತು. 1923ರ ಮಹಾಪೂರ ದಂಡೆಯ ಬಂಟ್ವಾಳವನ್ನು ಮುಳುಗಿಸಿ ಅದರ ಬೆನ್ನುಮುರಿಯಿತು. ಆ ಪೆಟ್ಟಿನ ನೆನಪು 1974ರ ನೆರೆಯಲ್ಲಿ ಮತ್ತೆ ಹಸಿಯಾಯಿತು. ಅಷ್ಟರಲ್ಲಿ ರಾಜ್ಯಗಳು ಒಂದಾಗಿ, ನೆತ್ತಿಯ ಗಡಿ ಎರಡು ಜಿಲ್ಲೆಗಳ ನಡುವಿನ ಒಂದು ಹಲಗೆಯಾಗಿತ್ತು. 1979ರಲ್ಲಿ ಹಾಸನದಿಂದ ಮಂಗಳೂರಿಗೆ ರೈಲೂ ಆಯಿತು. ಕುದುರೆಮುಖದಲ್ಲಂತೂ ಇನ್ನೊಂದು ವಿಚಿತ್ರ ನಡೆಯಿತು: ಬೆಟ್ಟದ ಕಬ್ಬಿಣದ ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಅರುವತ್ತೇಳು ಕಿಲೋಮೀಟರು ಉದ್ದದ ಕೊಳವೆಯಲ್ಲಿ ಪಣಂಬೂರಿನ ಕಡಲಿಗೆ ಹರಿಯಬಿಟ್ಟರು. ಎತ್ತಿಲ್ಲದ, ದೋಣಿಯಿಲ್ಲದ, ಉಸಿರಿಲ್ಲದ ಹೊಳೆ. 2005ರ ಕೊನೆಗೆ ಅಲ್ಲಿನ ಗಣಿ ನ್ಯಾಯಾಲಯದ ಆದೇಶದಂತೆ ನಿಂತಿತು.

ಈಗ ನೀರೇ ಹಿಂದಕ್ಕೆ ಹೊರಟಿದೆ. ಪಕ್ಕದ ಸಕಲೇಶಪುರದಲ್ಲಿ ನೇತ್ರಾವತಿಗೆ ಕೂಡುವ ತೊರೆಗಳನ್ನು ತಡೆದು, ವರ್ಷಕ್ಕೆ ಇಪ್ಪತ್ತನಾಲ್ಕು ಟಿಎಂಸಿ ನೀರನ್ನು ಮೂಡಣದ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ ಎತ್ತಬೇಕೆಂಬ ಎತ್ತಿನಹೊಳೆಯ ಯೋಜನೆಯ ಮೊದಲ ಹಂತವನ್ನು 2024ರ ಸೆಪ್ಟೆಂಬರಿನಲ್ಲಿ ಚಾಲನೆಗೊಳಿಸಿದರು. ಬಾಯಾರಿದ ಊರಿಗೆ ನೀರು ಬೇಡವೆನ್ನಲು ಯಾರಿಗೂ ನಾಲಗೆ ಏಳದು. ಆದರೆ ತುಂಬೆಯ ಅಣೆಕಟ್ಟಿನ ನೀರನ್ನೇ ಕುಡಿಯುವ ಮಂಗಳೂರಿನವರು ಪ್ರತಿ ಬೇಸಿಗೆಯಲ್ಲೂ ಅದರ ಮಟ್ಟವನ್ನು ಪತ್ರಿಕೆಯಲ್ಲಿ ಹುಡುಕುತ್ತಾರೆ. ಅವರ ಹಿರಿಯರು ಭರತ ಇಳಿತಗಳನ್ನು ಎಣಿಸುತ್ತಿದ್ದಂತೆಯೇ.

ಘಟ್ಟದ ದಾರಿಗೆ ಮಾತ್ರ ಬಿಡುವಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಗುಡ್ಡಗಳು ಕುಸಿದು ಸಂಚಾರ ತಿಂಗಳುಗಟ್ಟಲೆ ಕಡಿದಾಗ ಮೂಡಿಗೆರೆಯ ಜನ ಕಾಫಿಯ ಚಿಂತೆಯನ್ನು ಮೊದಲು ಮಾಡಲಿಲ್ಲ. ಅವರ ಕೇಳಿಕೆ ಬೇರೆಯಿತ್ತು: ರೋಗಿಯನ್ನು ಮಂಗಳೂರಿಗೆ ಒಯ್ಯುವುದು ಹೇಗೆ? ಮಲೆನಾಡಿನಲ್ಲಿ ಎದೆನೋವೆದ್ದವನೂ, ಹೆರಿಗೆ ಕಷ್ಟವಾದವಳೂ, ಮರದಿಂದ ಬಿದ್ದ ಮೆಣಸು ಕೊಯ್ಯುವವನೂ ಇಂದು ಈ ದಾರಿಯಲ್ಲೇ ಇಳಿಯುತ್ತಾರೆ. ಕೊಟ್ಟಿಗೆಹಾರದ ಮಂಜಿನೊಳಗಿಂದ ಆಂಬುಲೆನ್ಸು ಕೂಗುತ್ತ ಬಂದಾಗ ಚಹಾದಂಗಡಿಯವರು ಎದ್ದು ನಿಂತು, ಮುಂದಿನ ತಿರುವಿನಲ್ಲಿ ಲಾರಿ ಸಿಕ್ಕಿಕೊಂಡಿಲ್ಲವಷ್ಟೆ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ.