ಡಗ್ಲಾಸನ ಅವ್ವ, ಫೈಜರ ಪ್ರೇಯಸಿ

ಪ್ರಥಮ ಪಿಯುಸಿಗೆ ಇಂಗ್ಲಿಷ್ ಪಠ್ಯಪುಸ್ತಕ ಮಾಡಿಕೊಟ್ಟವರು ಯಾರೋ ರಸಿಕರೇ ಇರಬೇಕು. ತೇಜಸ್ವಿಯವರ ಔಷಧಿ ಬಳ್ಳಿ, ಬಷೀರರ ಜೇಬುಗಳ್ಳ, ಮೂಡ್ನಾಕೂಡು ಚಿನ್ನಸ್ವಾಮಿಯವರ ಮರ, ಇವರ ಜೊತೆಗೆ ಅಮೆರಿಕದಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಾಸನ ಆತ್ಮಕಥೆಯ ಒಂದು ತುಣುಕು, ಉರ್ದುವಿನ ಫೈಜ್ ಅಹ್ಮದ್ ಫೈಜರ ಒಂದು ಪ್ರೇಮಕವಿತೆ. ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದ್ದಾರೆ. ತೇಜಸ್ವಿಯವರಿಂದ ಬೇಲೂರಿನ ಮಕ್ಕಳಿಗೆ ತೊಂದರೆಯಿಲ್ಲ; ಅವರ ಮೂಡಿಗೆರೆ ಪಕ್ಕದ ಊರು, ಆ ಕಾಡೂ ಆ ಮಾತೂ ಗೊತ್ತಿರುವಂಥವೇ. ತಕರಾರೆಲ್ಲ ಡಗ್ಲಾಸ್ ಮತ್ತು ಫೈಜರದ್ದು.

"ಮಾವ, ಈ ಕವಿಗೆ ಲವ್ ಬೇಕಾ, ಬೇಡವಾ?" ಎಂದು ಕೇಳಿದಳು ತಂಗಿಯ ಮಗಳು. "ಗೈಡಲ್ಲಿ ಬೇಡ ಅಂತ ಐತೆ. ಪದ್ಯ ಓದಿದ್ರೆ ಬೇಕು ಅನ್ನೋ ಹಂಗೈತೆ."

ಗೈಡು ಬರೆದವನಿಗಿಂತ ಹುಡುಗಿಯೇ ಚೆನ್ನಾಗಿ ಓದಿದ್ದಳು. "ಎರಡೂ ನಿಜ ಕಣೇ" ಅಂದೆ.

"ಎರಡೂ ಬರೆದ್ರೆ ಮಾರ್ಕ್ಸ್ ಕೊಡಲ್ಲ."

ಸರಿ, ಮೊದಲು ಡಗ್ಲಾಸನ ಪಾಠ ತೆಗೆ ಎಂದೆ. ಮೇರಿಲ್ಯಾಂಡಿನಲ್ಲಿ 1818ರ ಸುಮಾರಿಗೆ ಹುಟ್ಟಿದವನು. ಸುಮಾರಿಗೆ ಎನ್ನಲೇಬೇಕು, ಗುಲಾಮರ ಮಕ್ಕಳಿಗೆ ಹುಟ್ಟಿದ ದಿನ ಹೇಳುವವರಿರಲಿಲ್ಲ. ಇದನ್ನು ಕೇಳಿದರೆ ನಮ್ಮ ಕಡೆಯ ಹಳಬರು, ಅದೇನು ಮಹಾ, ನಮ್ಮದೂ ಹಂಗೇ ಅಂದಾರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡು ಹುಟ್ಟಿಸಿದ ಜನ ಊರು ತುಂಬ ಇದ್ದಾರೆ. ಆದರೆ ಅವರ ಅವ್ವಂದಿರಿಗೆ ಯಾವ ಮಳೆ ಸುರಿಯುತ್ತಿದ್ದಾಗ ಹೆರಿಗೆಯಾಯಿತೆಂಬುದು ನೆನಪಿರುತ್ತಿತ್ತು, ಮಗನಿಗೆ ಹೇಳುತ್ತಿದ್ದರು. ಡಗ್ಲಾಸನ ಅವ್ವ ಹ್ಯಾರಿಯೆಟ್ ಬೈಲಿಗೆ ಅದನ್ನು ಹೇಳುವಷ್ಟು ಹೊತ್ತೂ ಮಗನ ಹತ್ತಿರ ಇರಲು ಬಿಡಲಿಲ್ಲ. ಕೂಸಾಗಿದ್ದಾಗಲೇ ಅಗಲಿಸಿ, 12 ಮೈಲಿ ಆಚೆಯ ಹೊಲದಲ್ಲಿ ದುಡಿಯಲು ಹಾಕಿದ್ದರು. ಅಂದರೆ ಬೇಲೂರಿನಿಂದ ಹಳೇಬೀಡು ದಾಟಿ ಇನ್ನೂ ಸ್ವಲ್ಪ ದೂರ. ಹಗಲೆಲ್ಲ ದುಡಿದು, ರಾತ್ರಿ ಅಷ್ಟು ದಾರಿ ನಡೆದು ಬಂದು, ಮಗನ ಪಕ್ಕದಲ್ಲಿ ಮಲಗಿ ಅವನನ್ನು ನಿದ್ದೆ ಮಾಡಿಸಿ, ಅವನು ಏಳುವ ಮೊದಲೇ ಹೊರಟುಬಿಡುತ್ತಿದ್ದಳು. ಹೊತ್ತು ಹುಟ್ಟುವಾಗ ಹೊಲದಲ್ಲಿರದಿದ್ದರೆ ಚಾಟಿ. ಹುಡುಗ ಅವಳನ್ನು ಕಂಡದ್ದು ನಾಲ್ಕೈದು ಸಲ, ಅದೂ ಕತ್ತಲಲ್ಲಿ. ಅವಳು ಸತ್ತಾಗ ಅವನಿಗೆ ಏಳರ ಆಸುಪಾಸು. ಯಾರೋ ಗುರುತಿಲ್ಲದವರು ಸತ್ತರೆ ಎಷ್ಟು ಅನ್ನಿಸುತ್ತದೋ ಅಷ್ಟೇ ಅನ್ನಿಸಿತು ಎಂಬ ಅರ್ಥದಲ್ಲಿ ಬರೆಯುತ್ತಾನೆ. ಚಾಟಿಯೇಟಿನ ಪುಟಗಳಿಗಿಂತ ನನಗೆ ಇದೇ ಹೆಚ್ಚು ಹೆದರಿಕೆ ಹುಟ್ಟಿಸಿದ್ದು.

"ಅದೆಲ್ಲ ಅಮೆರಿಕದಲ್ಲಿ ಅಲ್ವಾ ಮಾವ" ಎಂದು ಪುಟ ತಿರುಗಿಸಲು ಹೊರಟಳು. ತಡೆದೆ. ನಮ್ಮ ದೇಶದಲ್ಲಿ ಜೀತ ನಿಷೇಧಿಸುವ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರಿನಲ್ಲಿ, ಕಾಯ್ದೆಯಾದದ್ದು 1976ರಲ್ಲಿ. ಅವಳ ಅಜ್ಜಿಯ ಕಾಲದ ಮಾತು. ಕಾಯ್ದೆಯಾಗಿ ದಶಕಗಳು ಕಳೆದ ಮೇಲೂ ಆನೇಕಲ್ ಸೀಮೆಯಿಂದ ಹೊರಟ 'ಜೀವಿಕ' ಎಂಬ ಜೀತವಿರೋಧಿ ಸಂಘಟನೆಯವರು, ಅದರ ಕಿರಣ್ ಕಮಲ್ ಪ್ರಸಾದ್, ಊರೂರು ತಿರುಗಿ ಜೀತದಾಳುಗಳ ಪಟ್ಟಿ ಮಾಡುವ ಕೆಲಸ ಉಳಿದಿತ್ತು. ಕಾರಂತರ 'ಚೋಮನ ದುಡಿ' 1933ರದು. ಚೋಮನ ಮಕ್ಕಳು ಅಪ್ಪನ ಸಾಲ ತೀರಿಸಲು ಹೋಗುವುದು ಎಲ್ಲಿಗೆ? ಘಟ್ಟದ ಕಾಫಿ ತೋಟಕ್ಕೆ. ನಮ್ಮ ಬಿಕ್ಕೋಡು, ಅರೇಹಳ್ಳಿ ಕಡೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ಕಾಣುವುದೂ ಕಾಫಿ ತೋಟವೇ. ಮೇಸ್ತ್ರಿಗಳು ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದ ಆಳು ತರುತ್ತಿದ್ದ ಕಾಲ ಅದು. ಡಗ್ಲಾಸನ ನಾಡಿನಲ್ಲಿ ಮನುಷ್ಯನನ್ನು ಸ್ವತ್ತು ಎಂದು ಕಾನೂನೇ ಹೇಳಿತ್ತು. ಇಲ್ಲಿ ಆ ಕೆಲಸವನ್ನು ಸಾಲ ಮಾಡುತ್ತಿತ್ತು. ವ್ಯತ್ಯಾಸ ದೊಡ್ಡದೇ, ಆದರೆ ದುಡಿಯುವವನ ಬೆನ್ನಿಗೆ ಅಷ್ಟು ದೊಡ್ಡದಾಗಿ ಕಂಡಿರಲಾರದು.

ಇಷ್ಟಾದ ಮೇಲೆ ಫೈಜ್. ಸಿಯಾಲ್‌ಕೋಟ್ ಕಡೆಯವರು, ಈ ಕವಿತೆ ಇರುವುದು 1941ರ ಅವರ ಮೊದಲ ಸಂಕಲನದಲ್ಲಿ. ಗಾಯಕಿ ನೂರ್ ಜಹಾನ್ ಹಾಡಿದ ಮೇಲೆ, ಇನ್ನು ಇದು ಅವಳದೇ ಎಂದು ಬಿಟ್ಟುಕೊಟ್ಟರಂತೆ. ನಲ್ಲೆಗೆ ಕವಿ ಹೇಳುವುದು ಇಷ್ಟು: ಹಿಂದಿನ ಹಾಗೆ ಪ್ರೀತಿಸೆಂದು ಕೇಳಬೇಡ, ಬೀದಿ ಬಜಾರಿನಲ್ಲಿ ಮನುಷ್ಯರ ಮೈ ಬಿಕರಿಗಿರುವುದನ್ನು ಕಂಡುಬಿಟ್ಟಿದ್ದೇನೆ.

"ಹಂಗಾದ್ರೆ ಕೈ ಕೊಟ್ಟ."

"ಕೈ ಕೊಡೋನು ಇಷ್ಟುದ್ದ ಬರೀತಾನೇನೇ?"

ಅವಳು ನಕ್ಕಳು. ಆಮೇಲೆ ತಾನೇ, ಆ ಬಿಕರಿಯಲ್ಲಿ ಡಗ್ಲಾಸನ ಅವ್ವನೂ ಇದ್ದಳೇನೋ ಅಂದಳು. ಗೈಡಿನಲ್ಲಿ ಇದಿಲ್ಲ.

ಬೇಲೂರಿನಲ್ಲಿ ಗೈಡುಗಳು ಎರಡು ತರ ಎಂಬುದು ಆಗ ಹೊಳೆಯಿತು. ಚೆನ್ನಕೇಶವನ ಗುಡಿಯವರು ದರ್ಪಣ ಸುಂದರಿಯನ್ನು ತೋರಿಸುತ್ತಾರೆ, ವಿಷ್ಣುವರ್ಧನ-ಶಾಂತಲೆಯರ ಕಥೆ ಹೇಳುತ್ತಾರೆ, 1117 ಎನ್ನುತ್ತಾರೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಕೆತ್ತಿಟ್ಟುಹೋದ ಹೆಸರೂ ಸಿಗುತ್ತದೆ. ಆ ಕಲ್ಲು ಎಳೆದು ತಂದವರು ಯಾರು, ಕೂಲಿ ಏನು ಸಿಕ್ಕಿತು ಎಂದು ಕೇಳಿ ನೋಡಿ. ಅವರ ತಪ್ಪಲ್ಲ, ಕಲ್ಲಿನಲ್ಲೇ ಇಲ್ಲ.

ಫೈಜರ ಮೇಲೆ ನನ್ನದೊಂದು ದೂರೂ ಉಂಟು. ಆ ಪದ್ಯದಲ್ಲಿ ನಲ್ಲೆಗೆ ಒಂದು ಮಾತಿಲ್ಲ. ಕೇಳಬೇಡ ಎಂದು ಹೇಳಿಸಿಕೊಳ್ಳುವುದಷ್ಟೇ ಅವಳ ಪಾಲು. ಲೋಕದ ನೋವೆಲ್ಲ ಇವನ ಕಣ್ಣಿಗೆ ಮಾತ್ರ ಬಿದ್ದಂತೆ. ಅವಳೂ ಅದೇ ಬಜಾರಿನಲ್ಲಿ ಸೊಪ್ಪು ತರುವವಳಲ್ಲವೇ? ಇದಕ್ಕೆ ಉತ್ತರ ಡಗ್ಲಾಸನ ಬದುಕಿನಲ್ಲಿದೆ. ಅನ್ನಾ ಮರ್ರೆ ಎಂಬ ಸ್ವತಂತ್ರ ಕಪ್ಪು ಹೆಣ್ಣು, ಬಾಲ್ಟಿಮೋರಿನಲ್ಲಿ ಮನೆಗೆಲಸ ಮಾಡಿ ಕೂಡಿಟ್ಟ ಹಣವನ್ನು ಇವನ ಪಲಾಯನಕ್ಕೆ ಕೊಟ್ಟಳು. 1838ರ ಸೆಪ್ಟೆಂಬರ್ 3ರಂದು ನಾವಿಕನ ವೇಷದಲ್ಲಿ ಅವನು ತಪ್ಪಿಸಿಕೊಂಡ. 15ಕ್ಕೆ ನ್ಯೂಯಾರ್ಕಿನಲ್ಲಿ ಇಬ್ಬರಿಗೂ ಮದುವೆ. ಅವನು ಊರೂರು ಭಾಷಣ ಮಾಡುತ್ತ ತಿರುಗುವಾಗ ಅವಳು ಜೋಡು ಹೊಲಿದು ಮಕ್ಕಳನ್ನು ಸಾಕಿದಳು. 1882ರಲ್ಲಿ ತೀರಿಕೊಳ್ಳುವವರೆಗೂ ಅವನ ಜೊತೆ ಇದ್ದಳು. ಪ್ರೀತಿ ಬೇರೆ, ಹೋರಾಟ ಬೇರೆ ಎಂದು ಎರಡು ತಕ್ಕಡಿಯಲ್ಲಿ ತೂಗುವುದು ಕವಿಗಳ ಚಟ. ಅನ್ನಾಗೆ ಅದಕ್ಕೆಲ್ಲ ಪುರುಸೊತ್ತಿರಲಿಲ್ಲ.

ಹುಟ್ಟಿದ ದಿನ ಗೊತ್ತಿಲ್ಲದ ಡಗ್ಲಾಸ್, ಅವ್ವ ತನ್ನನ್ನು ಮುದ್ದಿನಿಂದ ವ್ಯಾಲೆಂಟೈನ್ ಎನ್ನುತ್ತಿದ್ದಳೆಂಬ ನೆನಪಿಗೆ ಫೆಬ್ರವರಿ 14ನ್ನು ಆರಿಸಿಕೊಂಡನಂತೆ. ಫೈಜ್ ಹುಟ್ಟಿದ್ದು ಫೆಬ್ರವರಿ 13, 1911. ಕಾಲೇಜಿನ ಮೇಡಂ, ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಈ ಎರಡು ಪಾಠಗಳನ್ನು ಒಂದೇ ವಾರದಲ್ಲಿ, ಒಂದರ ಬೆನ್ನಿಗೆ ಒಂದು ಮಾಡಿ. ಪ್ರೀತಿ ಬೇಕು, ಬೇಡ ಎಂದು ಎರಡನ್ನೂ ಬರೆದ ಮಕ್ಕಳಿಗೆ ದಯವಿಟ್ಟು ಪೂರ್ತಿ ಅಂಕ ಕೊಡಿ.