ಮಾರ, ಮಾರಯ್ಯ: ನಡುವೆ ಒಂದೇ ಅಕ್ಷರ

ಹೈಸ್ಕೂಲಿನಲ್ಲಿ ಛಂದಸ್ಸು ಓದಿದವರಿಗೆಲ್ಲ ಈ ಲೆಕ್ಕ ನೆನಪಿರುತ್ತೆ. ಹ್ರಸ್ವ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘ ಅಕ್ಷರ ಗುರು, ಅದಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರ ಹ್ರಸ್ವವಾದರೂ ಗುರುವೇ. ಲಘು ಅಂದ್ರೆ ಹಗುರ, ಗುರು ಅಂದ್ರೆ ಭಾರ. ಗಣ ವಿಂಗಡಿಸಿ ಮಾರ್ಕ್ಸ್ ತಗೊಂಡು ಮರೆತುಬಿಡ್ತೀವಿ. ಮನುಷ್ಯರ ಹೆಸರಲ್ಲೂ ಇದೇ ತೂಕ ನಡೆಯುತ್ತೆ ಅಂತ ನನಗೆ ಕಲಿಸಿದ್ದು ಒಂದು ಪಹಣಿ.

ನಮ್ಮ ತಾತನಿಗೆ ಸರ್ಕಾರದಿಂದ ಮಂಜೂರಾದ ಎರಡು ಎಕರೆ ಜಮೀನಿದೆ. ಪಹಣಿಯಲ್ಲಿ ಅವರ ಹೆಸರು ‘ಮಾರ’. ಮರಣ ಪ್ರಮಾಣ ಪತ್ರದಲ್ಲಿ ‘ಮಾರಯ್ಯ’. ಪೌತಿ ಖಾತೆಗೆ ಅರ್ಜಿ ಹಾಕಿದರೆ, ಹೆಸರು ತಾಳೆಯಾಗುತ್ತಿಲ್ಲ ಅಂತ ಹಿಂಬರಹ ಬಂತು. ಅಫಿಡವಿಟ್ಟು, ವಂಶವೃಕ್ಷ, ಮಹಜರು, ಸಾಕ್ಷಿಗಳ ಸಹಿ. ನಾನು ಗುಮಾಸ್ತ, ಇಂಥ ಕಾಗದಗಳ ನಡುವೆಯೇ ದಿನಾ ಕೂರೋನು. ಆದರೂ ನಮ್ಮಪ್ಪ ಒಂದೂವರೆ ವರ್ಷ ಅಲೆದರು. ಒಂದೇ ಒಂದು ಅಕ್ಷರಕ್ಕೆ.

ಆ ಅಕ್ಷರ ಅಚಾನಕ್ಕಾಗಿ ಬಿಟ್ಟುಹೋಗಿದ್ದಲ್ಲ. ಕೇರಿಯಲ್ಲಿ ತಾತ ಮಾರಯ್ಯನೇ. ಊರೊಳಕ್ಕೆ ಕಾಲಿಟ್ಟರೆ ಮಾರ. ಬರೆಯೋರು ಊರಿನೋರು, ಹಾಗಾಗಿ ದಾಖಲೆಗೆ ಏರಿದ್ದು ಊರಿನ ಬಾಯಿ. ಪಕ್ಕದ ಜಮೀನಿನ ಪಹಣಿಗಳನ್ನು ತೆಗೆಸಿ ನೋಡಿದೆ. ಅಲ್ಲಿನ ಹೆಸರುಗಳಿಗೆಲ್ಲ ಅಪ್ಪ, ಅಯ್ಯ, ಗೌಡ ಭದ್ರವಾಗಿ ಅಂಟಿಕೊಂಡಿವೆ.

ಈಗ ಲೆಕ್ಕ ಹಾಕಿ. ಮಾರ: ಎರಡಕ್ಷರ, ಮೂರು ಮಾತ್ರೆ. ಮಾರಯ್ಯ: ಮೂರಕ್ಷರ, ಐದು ಮಾತ್ರೆ. ಸೇರಿದ್ದು ಒಂದಕ್ಷರ, ಏರಿದ್ದು ಎರಡು ಮಾತ್ರೆ. ‘ಯ್ಯ’ ಬಂದು ಪಕ್ಕದಲ್ಲಿ ನಿಂತ ಕೂಡಲೇ, ಅಲ್ಲಿಯವರೆಗೂ ಲಘುವಾಗಿದ್ದ ‘ರ’ ಕೂಡ ಗುರುವಾಗಿಬಿಡ್ತು. ಆ ಅಕ್ಷರವನ್ನು ಯಾಕೆ ಕೊಡಲಿಲ್ಲ ಅಂತ ಇನ್ನೇನು ಹೇಳೋದು?

ಹೆಸರಿನ ಅಕ್ಷರ ಎಣಿಸೋದು ಹಳೇ ಕಸುಬು. ಆಶ್ವಲಾಯನ ಗೃಹ್ಯಸೂತ್ರ ಗಂಡುಮಗುವಿನ ಹೆಸರು ಎರಡಕ್ಷರದ್ದೋ ನಾಲ್ಕಕ್ಷರದ್ದೋ ಇರಲಿ ಅನ್ನುತ್ತೆ. ನೆಲೆ ಬೇಕಾದರೆ ಎರಡು, ಬ್ರಹ್ಮವರ್ಚಸ್ಸು ಬೇಕಾದರೆ ನಾಲ್ಕು. ಗಂಡಿಗೆ ಸಮಸಂಖ್ಯೆ, ಹೆಣ್ಣಿಗೆ ಬೆಸ. ಮನುಸ್ಮೃತಿಯ ಎರಡನೇ ಅಧ್ಯಾಯ ಹೆಸರಿನ ಅರ್ಥಕ್ಕೇ ಕೈ ಹಾಕುತ್ತೆ: ಬ್ರಾಹ್ಮಣನ ಹೆಸರು ಮಂಗಳಕರ, ಕ್ಷತ್ರಿಯನದು ಬಲದ್ದು, ವೈಶ್ಯನದು ಧನದ್ದು, ಶೂದ್ರನದು ಜುಗುಪ್ಸೆ ಹುಟ್ಟಿಸುವಂಥದ್ದು. ನಾವು ಆ ನಾಲ್ಕರ ಲೆಕ್ಕಕ್ಕೂ ಹೊರಗೆ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಸುಟ್ಟಿದ್ದು ಇದೇ ಪುಸ್ತಕವನ್ನ.

ಗಮನಿಸಿ, ಅಲ್ಲಿ ಎರಡಕ್ಷರ ಅಂದ್ರೆ ‘ನೆಲೆ’. ಇಲ್ಲಿ ನಮ್ಮ ತಾತನ ಎರಡಕ್ಷರ ಅವರ ನೆಲವನ್ನೇ ತೂಗುಯ್ಯಾಲೆ ಮಾಡ್ತು. ಅಂದ್ರೆ ದೋಷ ಸಂಖ್ಯೆಯದ್ದಲ್ಲ, ಎಣಿಸೋ ಕೈಯದ್ದು.

ಮಾತಲ್ಲೂ ಅಷ್ಟೇ. ‘ಬಾ’ ಒಂದಕ್ಷರ, ‘ಬನ್ನಿ’ ಎರಡು, ‘ದಯಮಾಡಿಸಿ’ ಐದು. ಮರ್ಯಾದೆ ಏರಿದಷ್ಟೂ ಅಕ್ಷರ ಏರುತ್ತೆ. ಹಾಗಂತ ಚಿಕ್ಕ ಮಾತೆಲ್ಲ ಅವಮಾನ ಅಲ್ಲ. ಅವ್ವ ನನ್ನನ್ನ ‘ಬಾ’ ಅಂತಾಳೆ, ನಾನೂ ಅವಳನ್ನ ‘ಬಾ’ ಅಂತೀನಿ. ಕೊಟ್ಟಷ್ಟೇ ವಾಪಸ್ ಬರುತ್ತೆ. ಮಗನ ವಯಸ್ಸಿನ ಹುಡುಗ ಜಗಲಿ ಮೇಲೆ ಕೂತು ‘ಬಾರ್ಲಾ ಮಾರ’ ಅಂದಾಗ, ತಾತ ‘ಬಂದೆ ಬುದ್ಧಿ’ ಅನ್ನಬೇಕಿತ್ತಲ್ಲ, ಅಲ್ಲಿದೆ ಜಾತಿ.

ಆ ಕಾಲದ ನಮಸ್ಕಾರವನ್ನೇ ಎಣಿಸಿ. ‘ಅಡ್ಡಬಿದ್ದೆ ಬುದ್ಧಿ’ ಅಂತ ನಮ್ಮೋರು ಆರಕ್ಷರ ಕೊಡ್ತಿದ್ದರು. ಜಗಲಿಯಿಂದ ವಾಪಸ್ ಬರ್ತಿದ್ದದ್ದು ‘ಹೂಂ’. ಒಂದಕ್ಷರ. ಕೆಲವು ಸಲ ಅದೂ ಇಲ್ಲ.

ನಿಮ್ಮ ಮನೆಯ ಪಹಣಿ, ಹಳೇ ಶಾಲಾ ದಾಖಲೆಗಳನ್ನೂ ಒಮ್ಮೆ ತೆಗೆದು ನೋಡಿ. ತಾತ, ಅಜ್ಜಿಯರ ಹೆಸರಲ್ಲಿ ಎಷ್ಟಕ್ಷರ ಉಳಿದಿದೆ ಅಂತ ಎಣಿಸಿ. ಕಡಿಮೆ ಇದ್ದರೆ ಬದುಕಿರೋರು ಇರುವಾಗಲೇ ತಿದ್ದುಪಡಿಗೆ ಅರ್ಜಿ ಹಾಕಿ. ಆಮೇಲೆ ಸಾಕ್ಷಿ ಹೇಳೋರು ಸಿಗಲ್ಲ.

ನಮ್ಮ ಈಗಿನ ನಮಸ್ಕಾರದಲ್ಲಿ ಎರಡೇ ಅಕ್ಷರ, ಎರಡೂ ಗುರು. ಲಘುವೇ ಇಲ್ಲ. ಹುಡುಗ ಅಂದರೂ ಹಿರಿಯ ಅಂದರೂ, ಜವಾನ ಅಂದರೂ ಸಾಹೇಬ ಅಂದರೂ ಅಷ್ಟೇ ತೂಕ. ಎರಡು ಕೊಟ್ಟರೆ ಎರಡು ವಾಪಸ್.

ಜೈ ಭೀಮ್.