ಕಬಿನಿಯ ಹಿನ್ನೀರಿಗೆ ಹೊರಡತಕ್ಕವರಿಗೆ

ನಾಗರಹೊಳೆಯ ರಾಷ್ಟ್ರೀಯ ಉದ್ಯಾನವನ್ನು ನೋಡಬೇಕೆಂಬ ಗೃಹಸ್ಥರು ಸಾಮಾನ್ಯವಾಗಿ ಮಳೆ ನಿಂತೊಡನೆ ಮಕ್ಕಳುಮರಿಗಳೊಡನೆ ಹೊರಡುವರು. ಕಣ್ಣಿಗೆ ಅದು ಸೊಗಸಾದ ಕಾಲವೇ ಅಹುದು. ಆನೆಗಳನ್ನು ಕಾಣಬೇಕೆಂಬವರಿಗೆ ಮಾತ್ರ ತಕ್ಕುದಲ್ಲ. ಆಗ ಕಾಡಿನೊಳಗಣ ಹಳ್ಳಕೊಳ್ಳಗಳೆಲ್ಲ ತುಂಬಿರುವುದರಿಂದ ಅವು ಚದರಿಹೋಗಿರುತ್ತವೆ. ಚೈತ್ರ ವೈಶಾಖಗಳಲ್ಲಿ ಒಳಗಿನ ನೀರು ಬತ್ತಿ, ಕಬಿನಿಯ ಜಲಾಶಯವೂ ಇಳಿದು, ಬಯಲಾದ ನೆಲದಲ್ಲಿ ಎಳೆಹುಲ್ಲು ಚಿಗುರುತ್ತದೆ. ಆ ಹುಲ್ಲಿಗೂ ನೀರಿಗೂ ಬಂಡೀಪುರದ ಕಡೆಯಿಂದಲೂ ನಾಗರಹೊಳೆಯ ಕಡೆಯಿಂದಲೂ ಆನೆಗಳು ಹಿಂಡುಹಿಂಡಾಗಿ ಇಳಿದುಬರುತ್ತವೆ. ಬಿಸಿಲಿಗೆ ಅಂಜದವರು ಆಗಲೇ ಹೋಗಬೇಕು. ಅದರಲ್ಲಿಯೂ ಸಂಜೆಯ ಹೊತ್ತೇ ಮೇಲು.

ಮೈಸೂರಿನಿಂದ ಹೆಗ್ಗಡದೇವನಕೋಟೆಯ ಮಾರ್ಗವಾಗಿ ದಾರಿಯುಂಟು. ಕಾಡಿನೊಳಗಣ ಸಂಚಾರವು ಕೆಲವು ವೇಳೆ ನಿಲ್ಲುವುದೂ ಉಂಟಾದುದರಿಂದ, ಮೊದಲೇ ವಿಚಾರಿಸಿ ಸ್ಥಳವನ್ನು ಕಾದಿರಿಸುವುದು ಲೇಸು.

ಈ ಜಲರಾಶಿಯು ಹುಟ್ಟುಸರೋವರವಲ್ಲ. 1974ರಲ್ಲಿ ಬೀಚನಹಳ್ಳಿಯ ಅಣೆಕಟ್ಟು ಮುಗಿದು ನೀರು ನಿಂತಾಗ, ಹಲವು ಹಳ್ಳಿಗಳೂ ಕಾಕನಕೋಟೆಯ ಕಾಡಿನ ಒಂದು ಪಾಲೂ ಮುಳುಗಿದುವು. ಅರಸರ ಕಾಲದ ಹೆಸರಾಂತ ಖೆಡ್ಡಾಗಳು ನಡೆದುದು ಆ ಕಾಕನಕೋಟೆಯಲ್ಲಿಯೇ, ಕಡೆಯದು 1971ರಲ್ಲಿ. ಅದನ್ನು ಕಂಡ ಹಿರಿಯರು ಮನೆಯಲ್ಲಿದ್ದರೆ ಅವರನ್ನು ತಪ್ಪದೆ ಕರೆದೊಯ್ಯಿರಿ. ಹೊಳೆಗೆ ಅಟ್ಟಿ ಸೆರೆಹಿಡಿಯುತ್ತಿದ್ದ ಸೀಮೆಯಲ್ಲಿ ಆನೆಗಳು ಮರಿಗಳೊಡನೆ ನಿರ್ಭಯವಾಗಿ ಮೀಯುವುದನ್ನು ಅವರೂ ನೋಡಲಿ.